ಅಣ್ಣನ ಬೆನ್ನು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಅಮ್ಮ ಸಾಯುವುದೊಂದು ಬಾಕಿ. ಹಲಸೂರಿನ ನಮ್ಮ ಬೀದಿಗೆ ಮಾತ್ರ ಅದರಿಂದ ಲಾಭವೇ ಆಯಿತು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ಕೊಡ ಎತ್ತಿ ಸೊಂಟ ಹಿಡಿದವರು, ಗಾಡಿ ತಳ್ಳಿ ಬೆನ್ನು ಹಿಡಿದವರು ಬೆಳಗಾಗುತ್ತಲೇ ನಮ್ಮ ಬಾಗಿಲ ಮುಂದೆ ಬೋರಲು ಮಲಗುತ್ತಿದ್ದರು. ನಾನು ಕಣ್ಣುಜ್ಜಿಕೊಂಡು ಬಂದು, ಎಡಗಾಲಿನಿಂದ ಮೆಲ್ಲಗೆ ತುಳಿದು, ಯಾರನ್ನೂ ಮಾತಾಡಿಸದೆ ಒಳಗೆ ಹೋಗಬೇಕು. ಶಿವಾಜಿನಗರದ ಆಫೀಸೊಂದರಲ್ಲಿ ಟೈಪಿಸ್ಟ್ ಆದ ಮೇಲೂ ಈ ಕಾಟ ತಪ್ಪಲಿಲ್ಲ. ನನಗೇನೂ ನಂಬಿಕೆ ಇರಲಿಲ್ಲ. ಆಗುವುದಿಲ್ಲ ಅಂದರೆ ಅಮ್ಮ ಊಟ ಬಿಟ್ಟು ಕೂರುತ್ತಿದ್ದಳು, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಣ್ಣನ ಬೆನ್ನು ಹಿಡಿಯಿತು. ಅವನು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವನು. ಅಂಥವನ ಬೆನ್ನುನೋವನ್ನು ಯಾರು ಕೇಳುತ್ತಾರೆ? ಆದರೆ ಈ ನೋವು ಮಲಗಿದರೂ ಹೋಗುತ್ತಿರಲಿಲ್ಲ. ಸಂಜೆಯಾದರೆ ಚಳಿ, ಸಣ್ಣ ಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆ ಚೆನ್ನಾಗಿದೆ, ಮಾಂಸ ಹಿಡಿದಿದೆ ಎಂದು ಇಂಜೆಕ್ಷನ್ ಹಾಕಿ, ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸಿದರು.

ಭಾನುವಾರ ಬೆಳಗ್ಗೆ ಅಮ್ಮ ಅವನನ್ನೂ ಬಾಗಿಲ ಮುಂದೆ ಮಲಗಿಸಿದಳು.

"ಮೆಲ್ಲಗೆ ತುಳಿಯೇ ತಾಯಿ, ನಾಳೆ ಅಂಗಡಿಗೆ ಹೋಗ್ಬೇಕು," ಎಂದು ಅಣ್ಣ ನೆಲಕ್ಕೆ ಮುಖವಿಟ್ಟುಕೊಂಡೇ ನಕ್ಕ.

ನಾನು ಕಾಲೆತ್ತಿದೆ. ಪಾದ ಇನ್ನೂ ತಾಕಿರಲಿಲ್ಲ. ಅವನ ಬೆನ್ನಿನ ನಡುವೆ ಒಂದು ಜಾಗ ತಾನಾಗಿಯೇ ಒಳಕ್ಕೆ ಸರಿಯಿತು. ಅವನು ನೆಲ ನೋಡುತ್ತಿದ್ದ, ನನ್ನ ಕಾಲು ಅವನಿಗೆ ಕಾಣುವಂತಿರಲಿಲ್ಲ. ಕಾಲನ್ನು ಪಕ್ಕಕ್ಕೆ ತಂದೆ, ಬೆನ್ನು ಸುಮ್ಮನಾಯಿತು. ಮತ್ತೆ ಮೇಲೆ ತಂದೆ, ಮತ್ತೆ ಸರಿಯಿತು. ಎಷ್ಟೋ ಬೆನ್ನು ತುಳಿದಿದ್ದೆ, ಹೀಗೆ ಕಾಯುತ್ತಿದ್ದ ಬೆನ್ನನ್ನು ನೋಡಿರಲಿಲ್ಲ.

"ತುಳಿ, ಯಾಕೆ ನಿಂತೆ?" ಎಂದಳು ಅಮ್ಮ.

"ಆಗಲ್ಲಮ್ಮ. ಇದು ಉಳುಕಲ್ಲ."

"ಮತ್ತಿನ್ನೇನು?"

"ನಂಗೇನು ಗೊತ್ತು? ಒಳಗೆ ಏನೋ ಇದೆ."

ಮಲಗಿದವನನ್ನು ತುಳಿಯದೆ ಎಬ್ಬಿಸಿದರೆ ಕೆಡುಕಂತೆ. ಅಮ್ಮ ಬಾಯಿಗೆ ಬಂದ ಹಾಗೆ ಬೈದಳು. ಬೈಕೊಳ್ಳಲಿ ಎಂದು ನಾನು ಆಟೋ ತಂದೆ.

ಕಂಟೋನ್ಮೆಂಟ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಣ್ಣನ ಬೆನ್ನುಮೂಳೆಯ ಉದ್ದಕ್ಕೂ ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತಾ ಬಂದರು. ಅದೇ ಜಾಗ ಬಂದಾಗ ಅಣ್ಣ ಮಂಚದ ಅಂಚು ಹಿಡಿದುಕೊಂಡ.

"ಈಚೆಗೆ ಮೈಮೇಲೆ ಎಲ್ಲಾದ್ರೂ ಕುರು ಆಗಿತ್ತಾ?"

ಆಗಿತ್ತು, ಕತ್ತಿನ ಹಿಂದೆ. ಒಡೆದು ಒಣಗಿತ್ತು, ನಾವೆಲ್ಲ ಮರೆತೂ ಬಿಟ್ಟಿದ್ದೆವು. ಅಲ್ಲಿಂದಲೇ ಕ್ರಿಮಿ ರಕ್ತದಲ್ಲಿ ಇಳಿದಿರಬಹುದು ಎಂದರು. ಸ್ಕ್ಯಾನಿಂಗ್‌ನಲ್ಲಿ ಕಂಡಿತು: ಎರಡು ಮೂಳೆಗಳ ನಡುವಿನ ಮೆತ್ತೆ ಕರಗುತ್ತಿತ್ತು, ಹಿಂದೆ ಕಾಲಿಗೆ ಇಳಿಯುವ ನರದ ಪಕ್ಕ ಸ್ವಲ್ಪ ಕೀವು. ಶುರುವಿನಲ್ಲಿ ಎಕ್ಸ್‌ರೇಗೆ ಇದು ಸಿಕ್ಕುವುದಿಲ್ಲವಂತೆ.

"ಕ್ಲಿನಿಕ್ಕಿನವರು ಕೊಟ್ಟ ಆ ಆಂಟಿಬಯಾಟಿಕ್ ಮಾತ್ರೆ ನಿಲ್ಲಿಸಿ. ಅದರಿಂದ ಕ್ರಿಮಿ ಅಡಗಿಕೊಂಡಿರುತ್ತೆ. ಎರಡು ದಿನ ಬಿಟ್ಟು ಸೂಜಿ ಹಾಕಿ ಕೀವು ತೆಗೆದು ಪರೀಕ್ಷೆ ಮಾಡಿದ್ರೆ ಯಾವ ಕ್ರಿಮಿ ಅಂತ ಗೊತ್ತಾಗುತ್ತೆ. ಕಾಲಿನ ಶಕ್ತಿ ಕಮ್ಮಿಯಾದ್ರೆ ಮಾತ್ರ ಕಾಯೋ ಹಾಗಿಲ್ಲ. ಹೋದ ಶಕ್ತಿ ಮತ್ತೆ ಬರದೆಯೂ ಇರಬಹುದು," ಎಂದರು ಡಾಕ್ಟರಮ್ಮ.

ನನಗೆ ಪಿತ್ತ ನೆತ್ತಿಗೇರಿತು. ಒಳಗೆ ತಿನ್ನುತ್ತಿರುವ ಕ್ರಿಮಿ ಹೊರಗೆ ಬರಲಿ ಎಂದು ಅದಕ್ಕೆ ಅಣ್ಣನನ್ನು ಒಪ್ಪಿಸಿ ಕಾಯುವುದೇ? ಕಾಯದೆ ಬೇರೆ ದಾರಿಯೂ ಇರಲಿಲ್ಲ. ನರ್ಸ್ ಆಗಾಗ ಬಂದು ಕಾಲ್ಬೆರಳು ಆಡಿಸಲು ಹೇಳುತ್ತಿದ್ದಳು. ಅವಳು ಹೋದ ಮೇಲೂ ನಾನು ಅವನ ಬೆರಳುಗಳನ್ನೇ ನೋಡುತ್ತಾ ಕೂರುತ್ತಿದ್ದೆ. ಮಧ್ಯಾಹ್ನ ವಾರ್ಡೆಲ್ಲ ತೂಕಡಿಸುವಾಗ ಅಣ್ಣನ ಜ್ವರದ ಉಸಿರೊಂದೇ ಕೇಳುತ್ತಿತ್ತು. ಆಗ ನನಗೆ ಆ ಮಂಚದಲ್ಲಿ ಅವನೊಬ್ಬನೇ ಮಲಗಿಲ್ಲ ಅನ್ನಿಸುತ್ತಿತ್ತು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಅವನ ಬಲ ಅಂಗಾಲಿಗೆ ಬೀಗದ ಕೈಯಿಂದ ಗೀರಿದರು. ಹೆಬ್ಬೆರಳು ಕೆಳಗೆ ಮಡಚಿಕೊಳ್ಳಲಿಲ್ಲ. ಮೆಲ್ಲಗೆ, ಯಾರೋ ಕರೆದಂತೆ, ಮೇಲಕ್ಕೆ ಎದ್ದಿತು. ಹಾಗೆ ಎದ್ದರೆ ಬೆನ್ನಿನೊಳಗೆ ನರ ಅದುಮಿದೆ ಎಂದರ್ಥವಂತೆ.

"ಬೆರಳು ಆಡಿಸಿ," ಎಂದರು.

"ಆಡಿಸ್ತಾನೇ ಇದೀನಲ್ಲ ಡಾಕ್ಟ್ರೇ," ಎಂದ ಅಣ್ಣ.

ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ. ಕಾಯುವುದು ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಆಪರೇಷನ್ ಮಾಡಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು, ಒಡನೆಯೇ ಔಷಧಿ ಏರಿಸಿದರು. ಕುರು ಎಬ್ಬಿಸುವ ಕ್ರಿಮಿಯೇ ಎಂದು ಆಮೇಲೆ ರಿಪೋರ್ಟ್ ಬಂತು. ವಾರಗಟ್ಟಲೆ ಡ್ರಿಪ್, ಬೆನ್ನಿಗೆ ಗಟ್ಟಿ ಪಟ್ಟಿ, ತಿಂಗಳುಗಟ್ಟಲೆ ನುಂಗಲು ಮಾತ್ರೆ. ಅಣ್ಣ ಮೊದಲು ಕೂತ, ಆಮೇಲೆ ಗೋಡೆ ಹಿಡಿದು ನಿಂತ, ಆಮೇಲೆ ವಾರ್ಡಿನ ಕೊನೆಯವರೆಗೆ ನಡೆದ.

ಮನೆಗೆ ಕರೆತಂದ ದಿನ ನಮ್ಮ ಬೀದಿಯನ್ನು ಮೋರಿಗಾಗಿ ಅಗೆದಿದ್ದರು. ಆಟೋ ಒಳಗೆ ಬರಲಿಲ್ಲ. ಅಣ್ಣ ನನ್ನ ಕೈ ಬಿಡಿಸಿಕೊಂಡು ಜಲ್ಲಿಯ ಮೇಲೆ ತಾನೇ ಮುಂದೆ ನಡೆದ. ನೋಡಿ ನನಗೆ ಅಳುವಷ್ಟು ಸಂತೋಷವಾಯಿತು. ನಾಲ್ಕು ಹೆಜ್ಜೆಗೆ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವನು ನಿಲ್ಲಲಿಲ್ಲ. ಬರಿಗಾಲಲ್ಲಿ ಚೂಪು ಜಲ್ಲಿ ತುಳಿಯುತ್ತಾ ಹೋದ. ನಾನು ಚಪ್ಪಲಿ ಎತ್ತಿಕೊಳ್ಳಲು ನಿಂತೆ.

"ಯಾಕೆ ಹಿಂದೆ ಬಿದ್ದೆ? ಕಾಯಿಲೆ ನಂಗೋ ನಿಂಗೋ?" ಎಂದು ತಿರುಗಿ ನಕ್ಕ.

ಜಗಲಿಯ ಮೇಲೆ ಅವನನ್ನು ಕೂರಿಸಿ ಬಕೆಟ್ಟಿನಲ್ಲಿ ನೀರು ತಂದೆ. ಅವನು ಅಮ್ಮನಿಗೆ ಆಸ್ಪತ್ರೆಯ ಸಾರಿನ ರುಚಿ ಹೇಳಿ ನಗಿಸುತ್ತಿದ್ದ. ನಾನು ಕೆಳಗೆ ಕೂತು ಅವನ ಅಂಗಾಲಿನಿಂದ ಗಾಜಿನ ಚೂರೊಂದನ್ನು ಎಳೆದು ತೆಗೆದೆ. ಬಕೆಟ್ಟಿನ ನೀರು ಕೆಂಪಾಯಿತು. ಅಣ್ಣ ಮಾತು ನಿಲ್ಲಿಸಲಿಲ್ಲ, ಕೆಳಗೆ ನೋಡಲೂ ಇಲ್ಲ.