ಬಾನೆಟ್ಟಿನ ಕೆಳಗಿನ ತಗಡು

ನನಗೆ ಅವ್ವನ ನೆನಪೆಂದರೆ ಒಂದೇ. ಅಪ್ಪನ ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟು, ಅವ್ವನ ತೊಡೆಯ ಮೇಲೆ ನನ್ನ ತಲೆ, ಕಣ್ಣೆದುರಿಗೆ ಬಾಗಿಲಿನ ನೀಲಿ ಬಣ್ಣ. ಮುಖ ಕಾಣುವುದಿಲ್ಲ. ಅವಳು ತೀರಿಕೊಂಡಾಗ ನನಗೆ ಮೂರು ವರ್ಷ. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬೆಳೆದೆ.

ಅಪ್ಪ ಕುರುಗೋಡಿನಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದ. ಅವನು ತೀರಿಕೊಂಡು ವರ್ಷ ತುಂಬಿದ ಕಾರ್ಯದ ದಿನ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ನಕ್ಕುಬಿಟ್ಟ.

"ಲೇ, ಅವ್ವ ಇದ್ದಾಗ ಆ ಗಾಡಿ ಹಸರಿತ್ತು. ಅಕಿ ಹ್ವಾದ ಮ್ಯಾಲೆ ಅಪ್ಪ ನೀಲಿ ಹೊಡಿಸಿದ. ನಿಂದು ಬರೇ ಕನಸು."

"ಕಂಪನಿಯಿಂದ ಬಂದಾಗ್ಲೇ ಅದು ನೀಲಿ!" ಎಂದು ಕೂಗಿದೆ. ಬಂದ ನೆಂಟರೆಲ್ಲ ನೋಡುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅರ್ಧ ಊಟಕ್ಕೆ ಎದ್ದು ಬಳ್ಳಾರಿ ಬಸ್ಸು ಹತ್ತಿದವನು ಏಳು ವರ್ಷ ಆ ಮನೆಯ ಕಡೆ ತಲೆ ಹಾಕಲಿಲ್ಲ.

ಬಳ್ಳಾರಿಯಲ್ಲಿ ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೆಲಸ, ಕೋಟೆಯ ಕೆಳಗೆ ಒಂದು ಬಾಡಿಗೆ ಕೋಣೆ. ಎಷ್ಟೋ ಭಾನುವಾರಗಳು ಬಾಯಿಂದ ಒಂದು ಮಾತೂ ಹೊರಡದೆ ಮುಗಿಯುತ್ತಿದ್ದವು. ಅಂಗಡಿಯ ದಪ್ಪ ಪುಸ್ತಕಗಳನ್ನು ಓದಿ ಓದಿ ಒಂದು ವಿದ್ಯೆ ಕಲಿತಿದ್ದೆ. ಹಳೇ ಕಾರುಗಳ ಎಂಜಿನ್ನಿನ ಹಿಂದೆ ಸಣ್ಣದೊಂದು ತಗಡು ಹೊಡೆದಿರುತ್ತಾರೆ. ಅದರ ಮೇಲಿನ ಅಕ್ಷರ, ಅಂಕಿ ನೋಡಿದರೆ ಗಾಡಿ ಕಾರ್ಖಾನೆ ಬಿಟ್ಟಾಗ ಯಾವ ಬಣ್ಣದ್ದಿತ್ತು, ಹೇಗಿತ್ತೆಂದು ಹೇಳಬಹುದು.

ಅಪ್ಪನ ಗಾಡಿ ಕೊಂಡವರದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅದಿನ್ನೂ ಅಲ್ಲೇ ಬಿದ್ದಿದೆಯೆಂದು ಗಿರಾಕಿಯೊಬ್ಬ ಹೇಳಿದ ಮರುದಿನವೇ ಪುಸ್ತಕ ಹಿಡಿದು ಹೋದೆ. ಅಣ್ಣನ ಬಾಯಿ ಮುಚ್ಚಿಸಬೇಕಿತ್ತು, ಅವ್ವನನ್ನು ಉಳಿಸಿಕೊಳ್ಳಬೇಕಿತ್ತು.

ಗಿರಣಿಯ ಡ್ರೈವರ್ ಬಾನೆಟ್ ಎತ್ತಿದ. ಒಳಗೆಲ್ಲ ಧೂಳು, ವರ್ಷ ವರ್ಷ ಆಯುಧಪೂಜೆಗೆ ಬಳಿದ ವಿಭೂತಿ, ಕುಂಕುಮ. ತಗಡು ಮಾತ್ರ ಚೊಕ್ಕಟವಾಗಿತ್ತು.

"ಹ್ವಾದ ವರ್ಷ ಕುರುಗೋಡಿನೋರು ಒಬ್ರು ಬಂದಿದ್ರಿ," ಎಂದ ಡ್ರೈವರ್. "ನಿಮ್ಮಂಗ ಮೂಗು. ಇದನ್ನ ತಿಕ್ಕಿ ತಿಕ್ಕಿ ಬರಕೊಂಡು ಹ್ವಾದ್ರು."

ಬಂದವನು ಅಣ್ಣನೇ. ಓದಿದೆ. ಮೂರು ಸಾಲು ಸೀಟು, ಸರಿ. ಕಂದು ರೆಕ್ಸಿನ್, ಅದೂ ಸರಿ. ಕೊನೆಗೆ ಬಣ್ಣದ ಅಂಕಿ. ಪುಸ್ತಕವನ್ನು ಮೂರು ಸಲ ನೋಡಿದೆ. ತಿಳಿ ಹಸಿರು.

ಅಣ್ಣ ಹೇಳಿದ್ದೇ ನಿಜ, ನೀಲಿ ಹೊಡಿಸಿದ್ದು ಅವ್ವ ಹೋದ ಮೇಲೆ. ಹಾಗಾದರೆ ಆ ನೀಲಿ ಬಾಗಿಲಿನ ಪಕ್ಕ ಅವ್ವ ಕೂತಿರಲೇ ಇಲ್ಲ. ಅಲ್ಲೇ ಭತ್ತದ ಚೀಲದ ಮೇಲೆ ಕೂತು ಅತ್ತೆ. ಡ್ರೈವರ್ ಪಾಪ, ಏನೂ ತಿಳಿಯದೆ ನೀರು ತಂದುಕೊಟ್ಟ. ಅಳು ನಿಂತ ಮೇಲೆ ಸಿಟ್ಟು ಬಂತು. ಗೆದ್ದು ಒಂದು ವರ್ಷವಾದರೂ ಅಣ್ಣ ಒಂದು ಕಾರ್ಡು ಬರೆದಿಲ್ಲ. ಹಂಗಿಸಲಿಕ್ಕೂ ನಾನು ಅವನಿಗೆ ಬೇಡವಾದೆನೇ?

ಸೀದಾ ಕುರುಗೋಡಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು.

"ಗೊತ್ತಿದ್ರೂ ಯಾಕ ಹೇಳಲಿಲ್ಲ?" ಎಂದೆ, ಅಂಗಳದಲ್ಲೇ ನಿಂತು.

ಅವನಿಗೆ ತಕ್ಷಣ ತಿಳಿಯಿತು. "ಏನಂತ ಹೇಳ್ಲಿ? ಸಿಟ್ಟೀಲೆ ಹೋಗಿ ನೋಡಿದ್ದೆ. ಗಾಡಿ ಕೆಲಸದೋರ ಹತ್ರ ಓದಿಸಿದ ಮ್ಯಾಲೆ ಸಿಟ್ಟು ಇಳೀತು. ನಿನಗ ಇದ್ದದ್ದ ಅಷ್ಟ ಅವ್ವ. ಅದನ್ನೂ ಕಸಗೊಳ್ಳಲೇನು?"

ಈಗ ಅವನ ದನಿ ಏರಿತು.

"ಹನ್ನೊಂದು ವರ್ಷ ಅವ್ವನ ಕೂಡ ಇದ್ದಾಂವ ನಾನು. ಗಾಡಿ ಬಣ್ಣಕ್ಕ ಜಗಳ ತಗದಿ, ಊರು ಬಿಟ್ಟಿ. ಅವ್ವ ಹೆಂಗಿದ್ಲು ಅಂತ ಒಂದ್ ದಿನರ ಕೇಳಿದಿ ಏನಲೇ?"

ಕೇಳಿರಲಿಲ್ಲ. ಚಪ್ಪಲಿ ಬಿಟ್ಟು ಹೋಗಿ ಅವನ ಪಕ್ಕ ಕೂತೆ.

"ಹೆಂಗಿದ್ಲಣ್ಣಾ?" ಎಂದೆ.