ಶನಿವಾರದ ಚಿಕ್ಕಮ್ಮ

ಅರುವತ್ತೊಂದನೆಯ ವಯಸ್ಸಿನಲ್ಲಿ ಅಮ್ಮನ ತಲೆಯಲ್ಲಿ ಏಳು ಬಿಳಿ ಕೂದಲಿದ್ದವು. ಎಣಿಸಿದವಳು ನಾನೇ. ಭಾನುವಾರ ಎಣ್ಣೆ ಹಚ್ಚುವ ನೆಪದಲ್ಲಿ ಅವಳನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ, ಬೈತಲೆಯ ಆ ಕಡೆ ಈ ಕಡೆ ಬಿಡಿಸಿ ಬಿಡಿಸಿ ಹುಡುಕುತ್ತಿದ್ದೆ. ಉಳಿದದ್ದೆಲ್ಲ ಕಪ್ಪು, ಅದೂ ಅಂಗಡಿಯಿಂದ ತಂದ ಕಪ್ಪಲ್ಲ. ನನ್ನ ತಲೆಯೋ ಇಪ್ಪತ್ತೆಂಟಕ್ಕೇ ಅರ್ಧ ಬೆಳ್ಳಗಾಗಿತ್ತು. ನಲವತ್ತಕ್ಕೆ ಬರುವಾಗ ಕಪ್ಪು ಕೂದಲನ್ನೇ ಹುಡುಕಬೇಕಾದ ಸ್ಥಿತಿ. "ಎಷ್ಟಾಯ್ತು ಮಗಾ?" ಎಂದು ಅಮ್ಮ ಕೇಳುತ್ತಿದ್ದಳು. "ಇಪ್ಪತ್ತು" ಎಂದು ನಾನು ಸುಳ್ಳು ಹೇಳುತ್ತಿದ್ದೆ. "ಅಷ್ಟಾದ್ರೂ ಆಯ್ತಲ್ಲ" ಎಂದು ಅವಳು ಖುಷಿಪಡುತ್ತಿದ್ದಳು. ಆ ಖುಷಿ ಯಾಕೆಂದು ಆಗ ನಾನು ಯೋಚಿಸಿದವಳಲ್ಲ.

ಹೊಟ್ಟೆಕಿಚ್ಚು ಎಂದು ಬರೆಯಲು ನನಗೀಗ ನಾಚಿಕೆಯಿಲ್ಲ. ಹೆತ್ತ ತಾಯಿಯ ಮುಖ ಕಂಡು ಉರಿದವಳು ನಾನು. ಅಮ್ಮ ನನ್ನನ್ನು ಹೆತ್ತದ್ದು ಹದಿನೆಂಟರಲ್ಲಿ. ಅವಳ ಇಪ್ಪತ್ತೇಳಕ್ಕೆ ಅಪ್ಪ ತೀರಿಕೊಂಡರು. ಆಮೇಲೆ ಅವಳು ಕನ್ಯಾನದ ಒಂದು ಬಾಡಿಗೆ ಮನೆಯ ಒಳಕೋಣೆಯಲ್ಲಿ ಕೂತು, ಮಡಿಲಲ್ಲಿ ತಡ್ಪೆ ಎಂಬ ಬಿದಿರಿನ ಮೊರ ಇಟ್ಟುಕೊಂಡು, ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ನಾನು ಕೆಲಸಕ್ಕೆ ಸೇರಿದ ಮೇಲೂ ತಡ್ಪೆ ಕೆಳಗಿಡಲಿಲ್ಲ. "ಕೈ ಸುಮ್ಮನೆ ಕೂರುವುದಿಲ್ಲ" ಎನ್ನುತ್ತಿದ್ದಳು. ಬೆರಳ ತುದಿಗಳು ಸವೆದು ನಯವಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಂದು ಸಲಕ್ಕೂ ಒಪ್ಪಿಕೊಂಡದ್ದಿಲ್ಲ. ಆದರೆ ಬೆರಳನ್ನು ಯಾರು ನೋಡುತ್ತಾರೆ? ಎಲ್ಲರೂ ನೋಡುವುದು ಮುಖವನ್ನು. ಆ ಮುಖದಲ್ಲಿ ಒಂದು ಗೆರೆ ಇರಲಿಲ್ಲ.

ನನಗೆ ಇಪ್ಪತ್ತೈದು ಆಗಿದ್ದಾಗ ಹೆಣ್ಣು ನೋಡಲು ವಿಟ್ಲದ ಕಡೆಯಿಂದ ಒಂದು ಜೀಪು ಜನ ಬಂದಿದ್ದರು. ಅಮ್ಮ ಶರಬತ್ತಿನ ತಟ್ಟೆ ಹಿಡಿದು ಹೊರಗೆ ಬಂದಳು. ಹುಡುಗನ ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಿಗೆ ಸ್ವಲ್ಪ ಪ್ರಾಯ ಆಗಿದೆ. ಆದ್ರೂ ಲಕ್ಷಣ ಉಂಟು" ಎಂದು ತೀರ್ಪು ಕೊಟ್ಟರು. ಹಿಂದೆ ನಿಂತಿದ್ದ ನನ್ನನ್ನು ಯಾರೋ ಮುಂದೆ ತಳ್ಳಿದಾಗ ಅವರ ಮುಖ ಹೇಗಾಯಿತು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸಂಬಂಧ ಕೂಡಿಬರಲಿಲ್ಲ, ಆಮೇಲೆ ಯಾವುದೂ ಬರಲಿಲ್ಲ. ಬೇರೆ ಕಾರಣಗಳೂ ಇದ್ದವು. ನಾನು ಮಾತ್ರ ಈ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಕನ್ಯಾನದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಅಮ್ಮ ವಾರ್ಷಿಕೋತ್ಸವಕ್ಕೆ ಬಂದರೆ ಸಾಕು, ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಹರಾಜು. "ಟೀಚರೇ, ನಿನ್ನೆ ನಿಮ್ಮ ತಂಗಿ ಬಂದಿದ್ರಲ್ಲ" ಎಂದು ಶುರುಮಾಡುವವರು ಡ್ರಿಲ್ ಮಾಸ್ಟ್ರು. ತಂಗಿಯಲ್ಲ, ತಾಯಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಅವರು ಹಾಕುವ ಎಣ್ಣೆ ಯಾವುದು? ನೀವೂ ಅದನ್ನೇ ಹಾಕಬಹುದಲ್ಲ?" ಎಂದು ಮತ್ತೊಬ್ಬರು. ನಾನು ಹಲ್ಲು ಕಿರಿಯುತ್ತಿದ್ದೆ. "ಚಿಕ್ಕ ಪ್ರಾಯದಲ್ಲೇ ಮದುವೆಯಾದದ್ದಲ್ವಾ" ಎಂದು ಲೆಕ್ಕ ಒಪ್ಪಿಸುತ್ತಿದ್ದೆ. ಒಮ್ಮೆ ತಲೆಗೆ ಮದರಂಗಿ ಮೆತ್ತಿಕೊಂಡು, ಅದು ಕೇಸರಿ ಬಣ್ಣಕ್ಕೆ ತಿರುಗಿ, ಒಂದು ತಿಂಗಳು ಮಕ್ಕಳ ಎದುರು ಬೋರ್ಡಿಗೆ ಮುಖಮಾಡಿ ನಿಂತದ್ದೂ ಉಂಟು.

ಮನೆಗೆ ಬಂದು ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದೆ. ಅಮ್ಮನಿಗೆ ಕಾರಣ ತಿಳಿಯದೆ ಇರುತ್ತದೆಯೇ? "ಬೀಡಿ ಕಟ್ಟುವವಳು ನೆರಳಲ್ಲೇ ಕೂತಿರುವುದು ಮಗಾ. ಬಿಸಿಲು ಕಾಣದ ಮುಖ ಹಾಗೇ ಇರ್ತದೆ. ಅದರಲ್ಲಿ ನನ್ನ ಸಾಮರ್ಥ್ಯ ಏನುಂಟು?" ಎನ್ನುತ್ತಿದ್ದಳು. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವಾಗ ಅರ್ಧ ರುಚಿ ಹೋಗುತ್ತದೆ. "ಮುಖ ನೋಡಿ ಯಾರೂ ಅಕ್ಕಿ ಅಳೆದು ಕೊಡುವುದಿಲ್ಲ" ಎಂಬುದು ಅವಳ ಇನ್ನೊಂದು ಮಾತು. ಅಕ್ಕಿ ಯಾರಿಗೆ ಬೇಕಿತ್ತು!

ನನ್ನ ಮೂವತ್ತೊಂಬತ್ತಕ್ಕೆ ಸಿದ್ಧಕಟ್ಟೆ ಕಡೆಯ ಒಂದು ಹೈಸ್ಕೂಲಿಗೆ ಬಂದೆ. ಮೂಡಬಿದ್ರೆ ರಸ್ತೆಯಲ್ಲಿ ಶಾಲೆಯಿಂದ ನಾಲ್ಕು ಸ್ಟಾಪು ಆಚೆ ಬಾಡಿಗೆ ಮನೆ ಮಾಡಿದೆವು. ಹೊಸ ಊರು, ಹೊಸ ಜನ, ನಮ್ಮನ್ನು ಬಲ್ಲವರು ಒಬ್ಬರೂ ಇಲ್ಲ. ಇನ್ನಾದರೂ ನೆಮ್ಮದಿ ಎಂದುಕೊಂಡೆ. ಆದರೆ ಅಮ್ಮ ಕಟ್ಟಿದ ಬೀಡಿ ಕೊಡಬೇಕಾದ ಕಂಪೆನಿಯ ಬ್ರಾಂಚು ಶಾಲೆಯ ಎದುರಿನ ಕಟ್ಟಡದಲ್ಲೇ ಇತ್ತು. ಮೊದಲ ಶನಿವಾರವೇ ಬೀಡಿ ಕೊಟ್ಟು, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು, ನನ್ನ ಜೊತೆ ಬಸ್ಸಿಗೆ ಹೋಗುವ ಎಂದು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

ಫರಂಗಿಪೇಟೆಯಿಂದ ಬರುತ್ತಿದ್ದ ಗಣಿತದ ಟೀಚರು ತಲೆಯೆತ್ತಿ ನೋಡಿದರು. ಒಳ್ಳೆಯ ಹೆಂಗಸು. ಒಂದಿಷ್ಟೂ ಕುಹಕವಿಲ್ಲದೆ ಕೇಳಿದರು: "ನಿಮ್ಮ ತಂಗಿಯಾ ಟೀಚರೇ?"

"ಅಲ್ಲ" ಎಂದೆ. ಅಷ್ಟಕ್ಕೆ ನಿಲ್ಲಿಸಿ ನಿಜ ಹೇಳಿದ್ದರೆ ಆಗುತ್ತಿತ್ತು. ಡ್ರಿಲ್ ಮಾಸ್ಟ್ರ ನಗು ಕಿವಿಯಲ್ಲಿ ಕೇಳಿದ ಹಾಗಾಯಿತು. "ಚಿಕ್ಕಮ್ಮ. ನನ್ನ ಅಮ್ಮನ ತಂಗಿ."

ಅಮ್ಮ ಮೂರೇ ಮಾರು ದೂರದಲ್ಲಿದ್ದಳು. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಗಣಿತದ ಟೀಚರಿಗೆ ಕೈಮುಗಿದು, ತನ್ನ ಏಳನೆಯ ಕ್ಲಾಸಿನ ಪುಸ್ತಕದ ಕನ್ನಡದಲ್ಲಿ, "ಹೌದು ಟೀಚರೇ. ಅಕ್ಕ ಮನೆಯಲ್ಲಿದ್ದಾಳೆ. ಅವಳು ಹೊರಗೆ ಹೋಗುವುದು ಕಡಿಮೆ" ಎಂದಳು. ಶಾಲೆಯ ಒಳಗೆ ತುಳು ಆಡಬಾರದು ಎಂಬುದು ಅವಳ ನೇಮ.

ಬಸ್ಸಿನಲ್ಲಿ ಬೈಗುಳಕ್ಕೆ ಕಾದು ಕೂತೆ. ಬೈಯಲಿಲ್ಲ. ಮಧ್ಯಾಹ್ನ ಬಂಗುಡೆ ಮೀನಿನ ದೊಡ್ಡ ತುಂಡನ್ನು ನನಗೇ ಬಡಿಸಿದಳು. ಎರಡು ಬೈದಿದ್ದರೆ ನನಗೆ ಅದು ಗಂಟಲಲ್ಲಿ ಇಳಿಯುತ್ತಿತ್ತು.

ಮುಂದಿನ ಶನಿವಾರ ಬರಲಾರಳು ಎಂದುಕೊಂಡಿದ್ದೆ. ಬಂದಳು. ಅದರ ಮುಂದಿನ ಶನಿವಾರವೂ ಬಂದಳು. ನನಗೆ ಕೊನೆಯ ಬೆಲ್ಲಾದ ಮೇಲೂ ಹಾಜರಿ, ನೋಟ್ಸು ಎಂದು ಅರ್ಧ ಗಂಟೆಯ ಕೆಲಸ ಇರುತ್ತಿತ್ತು. ಅಷ್ಟು ಹೊತ್ತು ಅವಳು ಗಣಿತದ ಟೀಚರ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಆ ಟೀಚರ ಅತ್ತೆಯೂ ಬೀಡಿ ಕಟ್ಟಿದವರಂತೆ. ಎಲೆ ಒಣಗಿದ್ದು, ಹೊಗೆಸೊಪ್ಪು ಖಾರವಾದದ್ದು, ಬ್ರಾಂಚಿನಲ್ಲಿ ಒಂದು ಹಿಡಿ ಬೀಡಿ ತಿರಸ್ಕಾರವಾದದ್ದು, ಇಬ್ಬರಿಗೂ ಮಾತಿಗೆ ಬರವಿರಲಿಲ್ಲ. ನಾನು ಹೋದರೆ ಮಾತು ನಿಲ್ಲುತ್ತಿತ್ತು.

ಒಂದು ಶನಿವಾರ ಕ್ಲಾಸು ಮುಗಿಸಿ ಬರುವಾಗ ಗಣಿತದ ಟೀಚರು ತಮ್ಮ ಮಲ್ಲಿಗೆಯಿಂದ ಒಂದು ಗೇಣು ತುಂಡುಮಾಡಿ ಅಮ್ಮನ ತಲೆಗೆ ಮುಡಿಸುತ್ತಿದ್ದರು. ಅಪ್ಪ ಹೋದಂದಿನಿಂದ ಅಮ್ಮ ಹೂ ಮುಟ್ಟಿದವಳಲ್ಲ. ನಮ್ಮಲ್ಲಿ ಅದೊಂದು ಕಟ್ಟು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮದುವೆ ಮನೆಯಲ್ಲಿ ಹೂವಿನ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತದೆ, ಅಷ್ಟೆ. ಅವಳು ಗಂಡ ಇಲ್ಲದವಳೆಂದು ಟೀಚರಿಗೆ ತಿಳಿದಿರಲಿಲ್ಲ. ಅಮ್ಮ ಬೇಡವೆನ್ನಲಿಲ್ಲ. ಚಿಕ್ಕಮ್ಮನಿಗೆ ಹೂ ಬೇಡ ಎನ್ನಲು ಕಾರಣವೂ ಇರಲಿಲ್ಲವಲ್ಲ! ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಎದ್ದು ನಿಂತಾಗ ಅವಳಿಗೆ ಮೂವತ್ತು ಎಂದರೂ ಜನ ನಂಬುತ್ತಿದ್ದರು.

ಮೂವತ್ತು ವರ್ಷದ ಮೇಲೆ ಅವಳ ತಲೆಗೆ ಹೂ ಬಂತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಕೂತೆ. ನಮ್ಮ ಸ್ಟಾಪು ಬರುವ ಮೊದಲು ಅವಳು ಹೂವನ್ನು ಬಿಡಿಸಿ ಬೀಡಿಯ ಚೀಲದೊಳಗೆ ಹಾಕಿದಳು. ಆಮೇಲೆ ಪ್ರತಿ ಶನಿವಾರ ಹಾಗೆಯೇ. ಶಾಲೆಯಲ್ಲಿ ಹೂ, ಬಸ್ಸಿನಲ್ಲಿ ಹೂ, ಇಳಿಯುವಾಗ ಇಲ್ಲ.

ಹೀಗೆ ಮೂರು ವರ್ಷ ಹೋಯಿತು. ಮೊದಲ ದಿನ ಒಂದು ಮಾತಿನಲ್ಲಿ ತಿದ್ದಬಹುದಾಗಿದ್ದ ಸುಳ್ಳು ಈಗ ಸ್ಟಾಫ್ ರೂಮಿನ ಗೋಡೆಯ ಗಡಿಯಾರದಷ್ಟೇ ಗಟ್ಟಿಯಾಗಿತ್ತು. ಚಿಕ್ಕಮ್ಮ ಬಂದ್ರಾ, ಚಿಕ್ಕಮ್ಮ ಇವತ್ತು ತಡ ಯಾಕೆ ಎಂದು ಜವಾನನೂ ಕೇಳುತ್ತಿದ್ದ.

ಒಂದು ಸೋಮವಾರ ಗಣಿತದ ಟೀಚರು ನನ್ನನ್ನು ವರಾಂಡಕ್ಕೆ ಕರೆದರು.

"ಹೇಳ್ತೇನೆ ಅಂತ ಬೇಸರ ಮಾಡಬೇಡಿ. ನಿಮ್ಮ ಅಮ್ಮನನ್ನು ಒಮ್ಮೆ ಡಾಕ್ಟರಿಗೆ ತೋರಿಸಬಾರದಾ?"

"ಅಮ್ಮನಿಗೆ ಏನು?"

"ಗೊತ್ತಿಲ್ವಾ ನಿಮಗೆ? ಬೆಳಿಗ್ಗೆ ಎದ್ದರೆ ಎಡಗೈ ಬೆರಳುಗಳು ಮುದುಡಿಯೇ ಇರ್ತದಂತೆ. ಬಿಸಿನೀರಲ್ಲಿ ಕಾಲು ಗಂಟೆ ಮುಳುಗಿಸಿ ಇಟ್ಟರೆ ಮಾತ್ರ ಬಿಡಿಸಲಿಕ್ಕೆ ಆಗುವುದಂತೆ. ನೀವು ಏಳುವ ಮೊದಲೇ ಆ ಕೆಲಸ ಮುಗಿಸಿ, ಚಾ ಇಡ್ತಾರಂತೆ. ನಿಮ್ಮ ಚಿಕ್ಕಮ್ಮ ಹೇಳಿದ್ದು. ಅಕ್ಕನ ವಿಷಯ ಹೇಳುವಾಗ ಅವರ ಕಣ್ಣಲ್ಲಿ ನೀರು ಬರ್ತದೆ ಟೀಚರೇ."

ಅವರು ನಿಲ್ಲಿಸಲಿಲ್ಲ.

"ನಿಮ್ಮ ಕೂದಲಿನದ್ದೂ ಅಮ್ಮನಿಗೆ ದೊಡ್ಡ ಕೊರಗಂತೆ. ನೀವು ಹೊಟ್ಟೆಯಲ್ಲಿದ್ದಾಗ ಅಕ್ಕನಿಗೆ ಸರಿಯಾಗಿ ತಿನ್ನಲಿಕ್ಕೆ ಸಿಕ್ಕಿರಲಿಲ್ಲವಂತೆ. ತನಗೆ ಬರಬೇಕಾದ ಪ್ರಾಯವೆಲ್ಲ ಮಗಳ ತಲೆಗೆ ಹೋಯ್ತು ಅಂತ ಹೇಳ್ತಾರಂತೆ. ತನ್ನ ತಲೆಯಲ್ಲಿ ಒಂದೊಂದು ಬಿಳಿ ಕೂದಲು ಬಂದರೂ ದೇವರಿಗೆ ಕೈಮುಗೀತಾರಂತೆ."

ಮೂರು ವರ್ಷಗಳಿಂದ ಶನಿವಾರ ಶನಿವಾರ ಅಮ್ಮ ಆ ಕುರ್ಚಿಯಲ್ಲಿ ಕೂತು ಮಾಡುತ್ತಿದ್ದದ್ದು ಇದು. ಇಲ್ಲದ ಅಕ್ಕನೊಬ್ಬಳನ್ನು ಮನೆಯಲ್ಲಿ ಕೂರಿಸಿ, ತನ್ನ ನೋವನ್ನೆಲ್ಲ ಅವಳಿಗೆ ಕೊಟ್ಟು, ಬೇರೆಯವರ ಸುದ್ದಿ ಎಂಬ ಹಾಗೆ ಹೇಳಿಕೊಳ್ಳುತ್ತಿದ್ದಳು. ನಾನು ಕೊಟ್ಟ ಸುಳ್ಳು ಅವಳಿಗೆ ಉಪಯೋಗಕ್ಕೆ ಬಂದಿತ್ತು. ಒಂದೇ ಸೂರಿನ ಕೆಳಗೆ ಇದ್ದ ನನಗೆ ಮಾತ್ರ ಅಮ್ಮನ ಬೆರಳು ಮುದುಡಿದ ಸುದ್ದಿ ಫರಂಗಿಪೇಟೆಯಿಂದ ಬರಬೇಕಾಯಿತು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ಈ ಸಲ ಗಣಿತದ ಟೀಚರ ಮೇಲೆ. ನನ್ನ ಅಮ್ಮನ ಕಷ್ಟ ಕೇಳಲಿಕ್ಕೆ ಇವರು ಯಾರು?

ಮರುದಿನ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಮ್ಮ ಬೆನ್ನು ತಿರುಗಿಸಿ ಕೂತಿದ್ದಳು, ಕೈ ಚೆಂಬಿನೊಳಗೆ ಇತ್ತು. ನಾನು ಸದ್ದು ಮಾಡದೆ ಹಿಂದೆ ಹೋಗಿ ಮಲಗಿದೆ. ಏನೆಂದು ಮಾತು ಶುರುಮಾಡುವುದು ಎಂದು ನನಗೆ ತೋಚಲಿಲ್ಲ.

ಆ ಶನಿವಾರ ಬೆಲ್ಲಾದ ಕೂಡಲೇ ಹಾಜರಿ ಪುಸ್ತಕ ಬದಿಗಿಟ್ಟು ಸ್ಟಾಫ್ ರೂಮಿಗೆ ಬಂದೆ. ಹೂ ಆಗಷ್ಟೇ ತಲೆಗೇರಿತ್ತು. ನಿಂತಲ್ಲೇ ಹೇಳಿದೆ, ಎಲ್ಲರಿಗೂ ಕೇಳುವಂತೆ: "ಇವರು ನನ್ನ ಚಿಕ್ಕಮ್ಮ ಅಲ್ಲ. ನನ್ನನ್ನು ಹೆತ್ತ ಅಮ್ಮ. ನನಗೆ ಚಿಕ್ಕಮ್ಮನೇ ಇಲ್ಲ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದ್ದೆ."

ಯಾರೂ ನಗಲಿಲ್ಲ. ಅಮ್ಮನ ಕೈ ನೇರ ತಲೆಗೆ ಹೋಯಿತು, ಹೂ ತೆಗೆಯಲಿಕ್ಕೆ. ಗಣಿತದ ಟೀಚರು ಆ ಕೈ ಹಿಡಿದರು.

"ತೆಗೀಬೇಡಿ."

"ಗಂಡ ಇಲ್ಲದವಳು ನಾನು ಟೀಚರೇ. ನಿಮಗೆ ಹೇಳದೆ ಮುಡಿದೆ. ತಪ್ಪಾಯ್ತು."

"ಮೂರು ವರ್ಷದಿಂದ ನಾನು ಹೂ ಮುಡಿಸಿದ್ದು ಇದೇ ತಲೆಗೆ ಅಲ್ವಾ? ಇವತ್ತು ಅದು ಬೇರೆಯವರದ್ದು ಆಯ್ತಾ?" ಎನ್ನುತ್ತಾ ಅವರು ಹಿಡಿದ ಕೈಯನ್ನು ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಎಲ್ಲವೂ ಒಟ್ಟಿಗೆ ಅರ್ಥವಾಗಿರಬೇಕು. ಸರಿದ ಹೂವನ್ನು ಮತ್ತೆ ನೆಟ್ಟಗೆ ಸಿಕ್ಕಿಸಿದರು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆ. ಅಮ್ಮ ಖಾಲಿ ಚೀಲವನ್ನು ಮಡಿಲಲ್ಲಿಟ್ಟು ಕೇಳಿದಳು: "ಯಾಕೆ ಹೇಳಿದೆ ಮಗಾ?"

"ಹೇಳಬೇಕು ಅಂತ ಕಂಡಿತು."

"ಅಕ್ಕ ಹೋದಳು ಈಗ. ಇನ್ನು ಅವಳ ಸುದ್ದಿ ನಾನು ಯಾರ ಹತ್ತಿರ ಹೇಳುವುದು?"

"ನನ್ನ ಹತ್ತಿರ ಹೇಳು."

ಕಂಡಕ್ಟರು ಬಂದು ಟಿಕೆಟು ಕೊಟ್ಟು ಹೋದ. ಅಮ್ಮ ಕಿಟಕಿಯ ಕಡೆ ಮುಖಮಾಡಿದ್ದಳು. ಎರಡು ಸ್ಟಾಪು ಕಳೆದ ಮೇಲೆ ಮೆಲ್ಲಗೆ ಅಂದಳು: "ಅಕ್ಕನಿಗೆ ಮೂರು ದಿನದಿಂದ ಮೊಣಕಾಲು ನೋವು. ಮಗಳಿಗೆ ಹೇಳಲಿಲ್ಲ ಅವಳು."

"ಹೇಳಬಹುದಿತ್ತಲ್ಲ?"

"ಮಗಳು ಮೊದಲೇ ಸಿಡುಕಿ ಮಾರಾಯ್ತಿ. ಕೂದಲು ಬೆಳ್ಳಗಾದ ಸಿಟ್ಟು ಬೇರೆ ಉಂಟು."

ಇಬ್ಬರೂ ನಕ್ಕೆವು. ನಾನು ಅತ್ತೆ ಕೂಡ. ಆ ದಿನ ಅವಳು ಹೂ ಮುಡಿದುಕೊಂಡೇ ನಮ್ಮ ಸ್ಟಾಪಿನಲ್ಲಿ ಇಳಿದಳು. ದಾರಿಯ ಅಂಗಡಿಯವರು ನೋಡಿದರು. ನೋಡಲಿ ಎಂದು ನಾನು ಅವಳ ಕೈ ಹಿಡಿದು ನಡೆದೆ.

ಆಮೇಲೆ ಬೀಡಿ ನಿಲ್ಲಿಸಿದೆವು, ಬಂಟ್ವಾಳದಲ್ಲಿ ಡಾಕ್ಟರಿಗೆ ತೋರಿಸಿದೆವು. ಬೆಳಗಿನ ಬಿಸಿನೀರು ನನ್ನ ಕೆಲಸವಾಯಿತು. ತನ್ನ ನೋವನ್ನು ತನ್ನದೆಂದು ಹೇಳಲು ಅಮ್ಮನಿಗೆ ಕೊನೆಯವರೆಗೂ ಬರಲಿಲ್ಲ. ಎಲ್ಲ ಅಕ್ಕನದ್ದೇ. ಅಕ್ಕನಿಗೆ ಹಸಿವಿಲ್ಲ, ಅಕ್ಕನಿಗೆ ಅಪ್ಪನ ನೆನಪಾಯಿತು, ಅಕ್ಕನಿಗೆ ಒಮ್ಮೆ ಮೂಡಬಿದ್ರೆಗೆ ಹೋಗಿ ಐಸ್‌ಕ್ರೀಮು ತಿನ್ನಬೇಕಂತೆ. ಆಸ್ಪತ್ರೆಯ ಮಂಚದಲ್ಲಿ ಆಡಿದ ಕೊನೆಯ ಮಾತೂ ಅದೇ ದಾರಿಯದ್ದು. "ಅಕ್ಕನಿಗೆ ಸಾಕಾಯ್ತಂತೆ ಮಗಾ. ಮಗಳು ಕೂಗಿ ಅಳಬಾರದಂತೆ."

ಉತ್ತರಕ್ರಿಯೆಯ ಬೊಜ್ಜದ ದಿನ ಶಾಲೆಯವರೆಲ್ಲ ಬಂದಿದ್ದರು. ಫೋಟೊ ನೋಡಿ ಹೊಸದಾಗಿ ಸೇರಿದ ಟೀಚರೊಬ್ಬರು, "ನಿಮ್ಮ ಅಕ್ಕನಾ?" ಎಂದು ಕೇಳಿದರು. "ಅಮ್ಮ" ಎಂದೆ. ಇಷ್ಟು ಸುಲಭದ ಮಾತು ಅದು. ಗಣಿತದ ಟೀಚರು ಮಲ್ಲಿಗೆಯನ್ನು ಫೋಟೊಕ್ಕೆ ಹಾಕದೆ, ನನ್ನನ್ನು ತಿರುಗಿಸಿ ನಿಲ್ಲಿಸಿ, ನನ್ನ ಬಿಳಿ ಜಡೆಗೆ ಮುಡಿಸಿದರು.

ಈಗಲೂ ಶನಿವಾರ ಬೆಲ್ಲಾದ ಮೇಲೆ ನಾನು ಅಮ್ಮನ ಕುರ್ಚಿಯಲ್ಲಿ ಕೂರುತ್ತೇನೆ. ಟೀಚರಿಗೆ ಒಮ್ಮೊಮ್ಮೆ ಅಮ್ಮ ಹೇಳಿದ ಹಳೆಯದೊಂದು ನೆನಪಾಗುತ್ತದೆ, "ಇದು ನಿಮಗೆ ಹೇಳಿದ್ದೇನಾ?" ಎಂದು ಶುರುಮಾಡುತ್ತಾರೆ. ಹೇಳಿದ್ದರೂ ನಾನು ಇಲ್ಲ ಎನ್ನುತ್ತೇನೆ. ಕೇಳುತ್ತಾ ಕೇಳುತ್ತಾ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ಆ ಅಕ್ಕ ಅವರಿಗೆ ಮೂರು ವರ್ಷ ಸಿಕ್ಕಿದ್ದಳು. ನನಗೆ ಸಿಕ್ಕಿದ್ದು ಹದಿನಾಲ್ಕು ತಿಂಗಳು.