ಚೊಕ್ಕಟವಾಗಿದ್ದ ತಪ್ಪಿಗೆ

ಮೊನ್ನೆ ಬೆಳಿಗ್ಗೆ ಬ್ಯಾಂಕಿಗೆ ಹೋದಾಗ ಆಗಷ್ಟೇ ನೆಲ ಒರೆಸಿದ್ದರು. ಫಿನಾಯಿಲ್ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾಯಂಡಹಳ್ಳಿಯ ನಮ್ಮ ರಸ್ತೆಯ ಆಂಟಿ ನೆನಪಾದರು. ಟೋಕನ್ ಹಿಡಿದು ಕುಳಿತವಳಿಗೆ ನನ್ನ ನಂಬರ್ ಕೂಗಿದ್ದೂ ಕೇಳಲಿಲ್ಲ.

ಆಂಟಿ ಎಂದರೆ ಎಲ್ಲರಿಗೂ ಆಂಟಿ. ನಮ್ಮ ಎದುರುಮನೆಯನ್ನು ಬಾಡಿಗೆಗೆ ಹಿಡಿದು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ನಡೆಸುತ್ತಿದ್ದರು. ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಮಗು ಆಂಟಿಯ ಹತ್ತಿರ ಇದ್ದರೆ ತಾಯಿಗೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಸೇವೆ ಗೀವೆ ಎಂಬ ಮಾತು ಆಂಟಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಶಾಲು ಹೊದಿಸಲು ಬಂದರೆ, "ಶಾಲು ಬೇಡ ಸಾರ್, ಎರಡು ಪ್ಯಾಕೆಟ್ ಡೈಪರ್ ಕೊಡ್ಸಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. ಕೇಂದ್ರದಲ್ಲಿ ಇದ್ದದ್ದು ಅವರು, ಅಡುಗೆಗೆ ಇನ್ನೊಬ್ಬ ಹೆಂಗಸು. ಒಂದು ಮಗುವಿಗೆ ಫಿಟ್ಸ್ ಬಂದರೆ ಉಳಿದವರನ್ನು ನೋಡುವವರಿಲ್ಲ. ಬೆಳೆದ ಮಕ್ಕಳನ್ನು ಎತ್ತಿ ಎತ್ತಿ ಆಂಟಿಯ ಸೊಂಟ ಬಿದ್ದುಹೋಗಿತ್ತು. ಪಾಲಿಕೆಯವರು ಇಂಥ ಸಂಸ್ಥೆಗಳಿಗೆ ಅನುದಾನ ಕೊಡುತ್ತಾರೆಂದು ತಿಳಿದು, ಇಬ್ಬರು ಆಯಾಗಳ ಸಂಬಳಕ್ಕಾಗಿ ಅರ್ಜಿ ಹಾಕಿದರು. ಅದು ಬರದಿದ್ದರೆ ಬಾಗಿಲು ಮುಚ್ಚುವುದೇ ಎಂದು ನಮಗೆಲ್ಲ ಹೇಳಿಯೂ ಇದ್ದರು.

ಪಾಲಿಕೆಯ ಅಧಿಕಾರಿ ನೋಡಿಕೊಂಡು ಹೋಗಲು ಬರುತ್ತಾರೆಂಬ ಸುದ್ದಿ ಬಂತು. ರಸ್ತೆಗೆ ರಸ್ತೆಯೇ ಟೊಂಕ ಕಟ್ಟಿ ನಿಂತಿತು. ನಮಗೆ ಗೊತ್ತಿದ್ದದ್ದು ಒಂದೇ ರೀತಿ. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ದಿನ ಮನೆ ಹೇಗಿರಬೇಕೋ ಹಾಗೆ. ಗೋಡೆಯ ತೇವದ ಕಲೆ ಕಾಣಬಾರದೆಂದು ನಮ್ಮ ಮನೆಯ ಕರ್ಟನ್ ಅಲ್ಲಿಗೆ ಹೋಯಿತು. ಮೂಲೆಮನೆಯವರ ಸೋಫಾ ಬಂತು. ಚಕ್ರ ಮುರಿದ ವೀಲ್‌ಚೇರ್ ನಮ್ಮ ತಾರಸಿ ಸೇರಿತು. ಇಡೀ ಮನೆಗೆ ಫಿನಾಯಿಲ್ ಹಾಕಿ ತೊಳೆದೆವು. ಬಾಗಿಲಿಗೆ ರಂಗೋಲಿ, ಬಂದವರಿಗೆ ಖಾರಾಬಾತ್, ಕೇಸರಿಬಾತ್.

"ಇಷ್ಟೆಲ್ಲ ಯಾಕ್ರಮ್ಮಾ?" ಎಂದು ಆಂಟಿ ಗೊಣಗಿದರು. ಹಬ್ಬದ ಹುಮ್ಮಸ್ಸಿನಲ್ಲಿದ್ದ ನಮ್ಮನ್ನು ತಡೆಯುವವರು ಯಾರು... ಅವರಿಗೂ ಒಳಗೊಳಗೇ ಖುಷಿಯಾಗಿತ್ತೆಂದು ನನ್ನ ನಂಬಿಕೆ. ಆ ಕೇಂದ್ರವನ್ನು ಅಷ್ಟು ಚೆಂದವಾಗಿ ಅವರೂ ಎಂದೂ ನೋಡಿರಲಿಲ್ಲ.

ಆ ದಿನ ಬೆಳಿಗ್ಗೆ ಯಾದಗಿರಿ ಕಡೆಯ ಒಬ್ಬ ತಾಯಿ ತನ್ನ ಮಗನನ್ನು ಕೇಂದ್ರಕ್ಕೆ ಬಿಡದೆ ನೇರ ನಮ್ಮ ಮನೆಗೆ ಕರೆತಂದಳು. ಹನ್ನೆರಡೋ ಹದಿಮೂರೋ ವರ್ಷದವನು. ಹೊಸಬರನ್ನು ಕಂಡರೆ ಕಿರುಚಿಕೊಂಡು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಅವನೊಬ್ಬನಿಗೇ ಒಬ್ಬರು ಬೇಕಾಗುತ್ತಿತ್ತು.

"ಸಾಹೇಬ್ರು ಬಂದಾಗ ಇಂವ ಚೀರಿದ್ರ ಆಂಟ್ಯಾರಿಗೆ ಅವಮಾನ ಆಗ್ತದ್ರೀ ಅಕ್ಕಾರ. ಜ್ವರ ಬಂದಾವು ಅಂತ ಹೇಳಿ ಕಳ್ಸೀನಿ. ಇವತ್ತೊಂದಿನ ನಾವಿಬ್ರೂ ಇಲ್ಲೇ ಇರ್ತೀವಿ," ಎಂದಳು. ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ತಾಯಿ ಮಗ ಇಬ್ಬರೂ ನಮ್ಮ ಒಳಕೋಣೆಯಲ್ಲಿ ಕುಳಿತರು.

ಬಂದ ಅಧಿಕಾರಿ ಒಳ್ಳೆಯ ಮನುಷ್ಯರೇ. ಮಕ್ಕಳ ತಲೆ ಸವರಿದರು, ಕೇಸರಿಬಾತ್ ತಿಂದರು. ಹೊರಡುವಾಗ ಆಂಟಿಗೆ ಕೈಮುಗಿದು, "ತುಂಬಾ ಚೆನ್ನಾಗಿ ನಡೆಸ್ತಾ ಇದೀರಿ ಮೇಡಂ. ಇಷ್ಟು ಅಚ್ಚುಕಟ್ಟಾಗಿರೋದು ನಾನೆಲ್ಲೂ ನೋಡಿಲ್ಲ" ಎಂದರು. ಹುಡುಗಿ ಒಪ್ಪಿಗೆಯಾದಳು ಎಂದೇ ನಾವು ತಿಳಿದೆವು. ಉಳಿದ ಕೇಸರಿಬಾತನ್ನು ರಸ್ತೆಯವರೆಲ್ಲ ಹಂಚಿಕೊಂಡು ತಿಂದೆವು.

ಅನುದಾನದ ಪಟ್ಟಿಯಲ್ಲಿ ನಮ್ಮ ಕೇಂದ್ರ ಇರಲಿಲ್ಲ. ಆಂಟಿ ಹೋಗಿ ಕೇಳಿದ್ದಕ್ಕೆ ಅದೇ ಅಧಿಕಾರಿ ಬೇಸರದಿಂದಲೇ ವಿವರಿಸಿದರಂತೆ. ಇರುವ ದುಡ್ಡು ಕಡಿಮೆ, ಕೇಳಿದವರು ಹೆಚ್ಚು, ಇನ್ನೂ ಕಷ್ಟದಲ್ಲಿರುವವರಿಗೆ ಮೊದಲು ಕೊಡಬೇಕು. ನಿಮ್ಮಲ್ಲಿ ಮಕ್ಕಳು ಶಾಂತವಾಗಿದ್ದಾರೆ, ಈಗ ಇರುವ ಜನವೇ ಸಾಕಲ್ಲ ಎಂದರಂತೆ. ಅವರದು ತಪ್ಪು ಎಂದು ನಾನು ಹೇಳಲಾರೆ. ರಸ್ತೆಯವರು ತೋರಿಸಿದ್ದನ್ನು ಅವರು ನೋಡಿದರು, ನೋಡಿದ್ದನ್ನು ಬರೆದುಕೊಂಡು ಹೋದರು.

ಆ ಸಂಜೆ ಹುಡುಗನ ತಾಯಿ ಅಳುತ್ತಾ ಬಂದು, ಜ್ವರ ಎಂದದ್ದು ಸುಳ್ಳೆಂದು ಆಂಟಿಗೆ ಹೇಳಿದಳು. ಆಂಟಿ ಬೈಯುತ್ತಾರೆಂದು ಕಾದೆ. ಅವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಅವನಿಗೋಸ್ಕರಾನೇ ಕಣೇ ನಾನು ಆಯಾ ಕೇಳಿದ್ದು. ಕಿರುಚಿದ್ರೆ ಕಿರುಚ್ಲಿ ಅಂತ ಬಿಡ್ಬೇಕಾಗಿತ್ತು. ಅವ್ರು ನೋಡ್ಬೇಕಾಗಿದ್ದೇ ಅದು," ಎಂದರು.

ಮುಂದಿನ ವರ್ಷ ಏನೂ ತೊಳೆಯುವುದು ಬೇಡ, ಮಕ್ಕಳನ್ನು ಹರಕು ಬಟ್ಟೆಯಲ್ಲಿ ಕೂರಿಸೋಣ ಎಂದು ಮೂಲೆಮನೆಯವರು ಸಲಹೆ ಕೊಟ್ಟರು. ಆಂಟಿಗೆ ರೇಗಿಹೋಯಿತು. "ಇದ್ದದ್ದನ್ನ ಇದ್ದ ಹಾಗೆ ತೋರಿಸ್ತೀನಿ. ಮಕ್ಕಳನ್ನ ಗಲೀಜಾಗಿ ಕೂರ್ಸಿ ದುಡ್ಡು ಕೇಳೋದು ನನ್ ಕೈಲಾಗಲ್ಲ," ಎಂದುಬಿಟ್ಟರು. ಆದರೆ ಮುಂದಿನ ವರ್ಷದ ತನಕ ಅವರ ಸೊಂಟ ತಡೆಯಲಿಲ್ಲ. ಕೇಂದ್ರ ಮುಚ್ಚಿ ಮೈಸೂರಿನ ತಂಗಿಯ ಮನೆಗೆ ಹೊರಟುಹೋದರು. ಹೋದ ವರ್ಷ ತೀರಿಕೊಂಡರಂತೆ. ಸುದ್ದಿ ವಾಟ್ಸಾಪ್‌ನಲ್ಲಿ ಬಂತು. ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ. ದುಃಖ ಬಂದದ್ದು ಮೊನ್ನೆ, ಬ್ಯಾಂಕಿನ ಕುರ್ಚಿಯಲ್ಲಿ.

ಹೋದ ಕೆಲಸ ಬಿಟ್ಟು ಎದ್ದು, ನಮ್ಮ ರಸ್ತೆಯ ಹಿಂದಿನ ಗಲ್ಲಿಯಲ್ಲೇ ಈಗಲೂ ಇರುವ ಆ ಹುಡುಗನ ತಾಯಿಯ ಮನೆಗೆ ಹೋದೆ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲೇ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಮಗನಿಗೆ ಮೀಸೆ ಬಂದಿದೆ. ಹೆಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದ.

"ದಿನಾ ಮುಂಜಾನೆ ಹಿಂಗ ಕುಂದರ್ತಾನ್ರೀ ಅಕ್ಕಾರ," ಎಂದಳು. "ಆಂಟ್ಯಾರು ಇಲ್ಲಪ್ಪಾ ಅಂದ್ರ ತಿಳಿಯಂಗಿಲ್ಲ. ಊಟದ ಹೊತ್ತಾದ ಮ್ಯಾಲ ತಾನ ಒಳಗ ಬರ್ತಾನ."

ನನ್ನನ್ನು ಕಂಡು ಅವನು ಕಿರುಚಲಿಲ್ಲ. ಗುರುತು ಹಿಡಿದು ಎದ್ದು ನಿಂತು ಕೈ ಚಾಚಿದ. ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದುಕೊಂಡಿರಬೇಕು.